ಗಡಿ ದಾಟಿದರೆ ಪುಕ್ಕಟೆ

ಕೂಸುಗಳ ತೊಡೆಯ ಮೇಲಿದ್ದ ಪಟ್ಟಿಗಳನ್ನು ಮೊದಲು ಎಣಿಸಿದವಳು ಅಜ್ಜಿ ಅಸ್ಸುಂತಾ.

ಭಾನುವಾರ ಮಧ್ಯಾಹ್ನ. ಒಲೆಯ ಮೇಲೆ ಟೊಮೆಟೊ ಸಾಸಿನಲ್ಲಿ ಮಾಂಸದುಂಡೆಗಳು ಕುದಿಯುತ್ತಿದ್ದವು. ಮಗಳು ಲೊರೆದಾನ ತನ್ನ ಗಂಡುಕೂಸು ನಿಕೊನನ್ನು ಎತ್ತಿಕೊಂಡು ರೆನ್‌ಮಾರ್ಕಿನಿಂದ ಬಂದಿದ್ದಳು. ಮಿಲ್ಡುರಾದ ಆ ಮನೆಯಲ್ಲೇ ಇದ್ದ ಸೊಸೆ ಬ್ರಯನಿಯ ಹೆಣ್ಣುಕೂಸು ಎಲೀಸಾ, ನಿಕೊಗಿಂತ ಒಂಬತ್ತು ದಿನ ಚಿಕ್ಕವಳು. ಎರಡನ್ನೂ ಸೋಫಾದ ಮೇಲೆ ಅಕ್ಕಪಕ್ಕ ಮಲಗಿಸಿ ಬಟ್ಟೆ ಬದಲಿಸುತ್ತಿದ್ದ ಅಸ್ಸುಂತಾ ಥಟ್ಟನೆ ಕೈ ನಿಲ್ಲಿಸಿದಳು.

"ಲೊರೆದಾನಾ, ಬಾ ಇಲ್ಲಿ. ನಿನ್ನ ಮಗನಿಗೆ ಮೂರು ಪಟ್ಟಿ ಇದೆ. ಇವಳಿಗೆ ಎರಡೇ ಇದೆ. ಒಂದು ಎಲ್ಲೋ ಬಿದ್ದುಹೋಯ್ತಾ?"

"ಬಿದ್ದಿಲ್ಲಮ್ಮ. ಮೊನ್ನೆ ಶುಕ್ರವಾರ ನಿಕೊಗೆ ಮೂರು ಚುಚ್ಚಿದ್ರು. ಆ ಮೂರನೇದು ಮಿದುಳು ಜ್ವರ ಬರದೆ ಇರೋಕೆ."

"ಇವಳಿಗೂ ಶುಕ್ರವಾರವೇ ಹಾಕಿಸಿದ್ವಲ್ಲ! ಇವಳಿಗ್ಯಾಕೆ ಹಾಕಲಿಲ್ಲ?"

ಬ್ರಯನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ನಮ್ ಕಡೆ ಅದು ಪುಕ್ಕಟೆ ಇಲ್ಲ ಅತ್ತೆ. ನರ್ಸು ಒಂದು ಚೀಟಿ ಕೊಟ್ರು. ಬೇಕಿದ್ರೆ ಔಷಧಿ ಅಂಗಡೀಲಿ ಕೊಂಡುಕೊಳ್ಳಿ ಅಂದ್ರು. ಮೂರು ಸಲ ಹಾಕಿಸ್ಬೇಕು. ಒಂದೊಂದಕ್ಕೂ ನೂರ ನಲವತ್ತು ಡಾಲರ್ ಹತ್ರ ಆಗುತ್ತೆ."

"ಲೊರೆದಾನ ಎಷ್ಟು ಕೊಟ್ಟಳು?"

"ಒಂದು ಕಾಸೂ ಇಲ್ಲ. ನಮ್ ಕಡೆ ಸರ್ಕಾರವೇ ಕೊಡುತ್ತೆ," ಅಂದಳು ಲೊರೆದಾನ. ಅಂದ ಮೇಲೆ ಅತ್ತಿಗೆಯ ಮುಖ ನೋಡಿ, ಅನ್ನಬಾರದಿತ್ತು ಅನ್ನಿಸಿ, ನಿಕೊನ ಕಾಲುಚೀಲ ಸರಿಮಾಡತೊಡಗಿದಳು.

ಎರಡೂ ಊರುಗಳ ನಡುವೆ ನೂರೈವತ್ತು ಕಿಲೋಮೀಟರು. ಮಧ್ಯೆ ಎಲ್ಲೋ ಒಂದು ಕಡೆ ರಾಜ್ಯ ಬದಲಾಗುತ್ತದೆ. ಅಲ್ಲಿಂದಾಚೆ ಗಡಿಯಾರ ಅರ್ಧ ಗಂಟೆ ಹಿಂದೆ ಓಡುತ್ತದೆ. ಅದನ್ನು ಬಿಟ್ಟರೆ ಅದೇ ಕಿತ್ತಲೆ ತೋಟ, ಅದೇ ದ್ರಾಕ್ಷಿ, ಅದೇ ಮರ್ರೆ ನದಿ.

ಊಟಕ್ಕೆ ಕೂತಾಗ ಮಾತು ಮತ್ತೆ ಅಲ್ಲಿಗೇ ಬಂತು. ಮಗ ಡಾರಿಯೊ ಕಿತ್ತಲೆ ಪ್ಯಾಕಿಂಗ್ ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹಿಂದಿನ ವಾರವಷ್ಟೇ ಕಾರಿನ ಗೇರ್‌ಬಾಕ್ಸ್ ಕೆಟ್ಟು, ಅದರ ರಿಪೇರಿಗೆ ಅವನ ಕೈ ಬರಿದಾಗಿತ್ತು. "ಕೊಳ್ಳೋಣ. ಈ ತಿಂಗಳು ಆಗಲ್ಲ, ಮುಂದಿನ ತಿಂಗಳು ನೋಡೋಣ," ಅಂದ.

"ಕಾಯಿಲೆಗೆ ಹೇಳ್ತೀಯಾ, ಮುಂದಿನ ತಿಂಗಳು ಬಾ ಅಂತ?" ಬ್ರಯನಿ ಸಿಡುಕಿದಳು.

"ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರೋ ಕಾಯಿಲೆ ಕಣೇ ಅದು."

"ಆ ಒಬ್ಬ ನಮ್ಮ ಟ್ರಿಶ್ ಮಗ ಆಗಿದ್ದ."

ಟ್ರಿಶ್ ಬ್ರಯನಿಯ ಜೊತೆ ಸೂಪರ್‌ಮಾರ್ಕೆಟ್ಟಿನಲ್ಲಿ ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂರುವವಳು. ಮೂರು ವರ್ಷದ ಹಿಂದೆ ಅವಳ ಮಗ ಬೆಳಿಗ್ಗೆ ಮೈ ಬಿಸಿ ಎಂದು ಶಾಲೆಗೆ ಹೋಗದೆ ಮಲಗಿದ್ದ, ಸಂಜೆಗೆ ಹೆಲಿಕಾಪ್ಟರಿನಲ್ಲಿ ಅವನನ್ನು ಅಡಿಲೇಡಿಗೆ ಒಯ್ದಿದ್ದರು. ಜೀವ ಉಳಿಯಿತು, ಎರಡೂ ಪಾದ ಉಳಿಯಲಿಲ್ಲ.

ಅಸ್ಸುಂತಾ ಬಡಿಸುವ ಸೌಟನ್ನು ಕೆಳಗಿಟ್ಟಳು. "ಇದರಲ್ಲಿ ಯೋಚನೆ ಮಾಡೋದೇನಿದೆ? ಬುಧವಾರ ಕೂಸನ್ನ ರೆನ್‌ಮಾರ್ಕಿಗೆ ಕರ್ಕೊಂಡು ಹೋಗೋಣ. ಲೊರೆದಾನ ಮನೆ ವಿಳಾಸ ಕೊಡೋಣ. ಇಲ್ಲೇ ಇರೋದು ಅನ್ನೋಣ. ಮುಗೀತು!"

"ಮುಗೀಲಿಲ್ಲ," ಅಂದ ಅಜ್ಜ ಸಾವೆರಿಯೊ.

ಅವನು ಮಾತಾಡಿದ್ದು ಆವತ್ತಿನ ಊಟದಲ್ಲಿ ಅದೇ ಮೊದಲು. ಮೂವತ್ತು ವರ್ಷ ಅವನು ಗಡಿಯ ಹಣ್ಣು ತಪಾಸಣೆಯಲ್ಲಿ ಕೆಲಸ ಮಾಡಿದವನು. ಆಚೆಯ ತೋಟಗಳಿಗೆ ಹಣ್ಣಿನ ನೊಣ ಹತ್ತಬಾರದೆಂದು ಪ್ರತಿ ಕಾರನ್ನೂ ನಿಲ್ಲಿಸಿ, ಡಿಕ್ಕಿ ತೆಗೆಸಿ, ಒಂದು ಸೇಬು ಸಿಕ್ಕರೂ ಕಿತ್ತುಕೊಂಡು ತೊಟ್ಟಿಗೆ ಹಾಕುವ ಕೆಲಸ. ಬಿಷಪ್ಪರ ಕಾರಿನಿಂದ ಮಾವಿನಹಣ್ಣು ತೆಗೆದವನು. ಸ್ವಂತ ಭಾವಮೈದುನನಿಗೆ ದಂಡ ಹಾಕಿ ಎಂಟು ವರ್ಷ ಮಾತು ಬಿಟ್ಟವನು. ನಿವೃತ್ತನಾದ ಮೇಲೆ ರೆನ್‌ಮಾರ್ಕಿನ ಮನೆಯನ್ನು ಮಗಳಿಗೆ ಬಿಟ್ಟು, ಹೆಂಡತಿಯೊಡನೆ ಮಗನ ಹತ್ತಿರ ಮಿಲ್ಡುರಾಕ್ಕೆ ಬಂದಿದ್ದ.

"ಸುಳ್ಳು ಹೇಳಿ ಗಡಿ ದಾಟೋದು ನನ್ನ ಮನೇಲಿ ನಡೆಯಲ್ಲ."

"ಕೂಸಿಗೆ ಕಣೋ ಸಾವೆರಿಯೊ! ಸೇಬಿಗಲ್ಲ!"

"ಎಲ್ಲರೂ ಹೀಗೇ ಅಂತಾರೆ. ಮೂವತ್ತು ವರ್ಷ ಕೇಳಿದೀನಿ. ಅಯ್ಯೋ ಇದು ಮಗುಗೆ, ಅಯ್ಯೋ ಇದು ಅಮ್ಮಂಗೆ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡ್ಬೇಕು. ಪುಕ್ಕಟೆ ಕೊಡ್ಬೇಕೋ ಬೇಡ್ವೋ ಅಂತ ಬಲ್ಲವರು ಕೂತು ಲೆಕ್ಕ ಹಾಕಿರ್ತಾರೆ. ಇನ್ನೊಂದು ಉಂಡೆ ಹಾಕು."

ಅಸ್ಸುಂತಾ ಉಂಡೆ ಹಾಕಿದಳು. ಆದರೆ ಅತ್ತೆ, ಮಗಳು, ಸೊಸೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದ ರೀತಿಯನ್ನು ಸಾವೆರಿಯೊ ಗಮನಿಸಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಬೌಲಿಂಗ್ ಕ್ಲಬ್ಬಿಗೆ ಹೊರಟಿದ್ದೇ ತಡ, ಮನೆಯಲ್ಲಿ ಮದುವೆಗೆ ಹೊರಟಂಥ ಸಡಗರ. ಬಾಟಲಿ ತೊಳೆದದ್ದೇನು, ಚೀಲ ತುಂಬಿದ್ದೇನು! ಅಸ್ಸುಂತಾ ತುಟಿಗೆ ಬಣ್ಣ ಹಚ್ಚಿಕೊಂಡಳು.

"ಲಸಿಕೆ ಹಾಕಿಸೋಕೆ ಬಣ್ಣ ಯಾಕೆ ಅತ್ತೆ?"

"ಅಂದವಾಗಿ ಇರೋರನ್ನ ಯಾರೂ ಅನುಮಾನಿಸಲ್ಲ. ನಡಿ ನಡಿ."

ದಾರಿಯುದ್ದಕ್ಕೂ ಇಬ್ಬರೂ ಉತ್ತರ ಒಪ್ಪಿಸಿಕೊಂಡರು. ರಸ್ತೆ ಹೆಸರು, ಮನೆ ನಂಬರು, ಎಷ್ಟು ತಿಂಗಳಿಂದ ಇದ್ದೀರಿ. ಬ್ರಯನಿ ಎರಡು ಸಲ ನಂಬರು ತಪ್ಪಿದಳು, ಮೂರನೇ ಸಲ ಸರಿ ಹೇಳಿದಾಗ ಅಸ್ಸುಂತಾ ಚಪ್ಪಾಳೆ ತಟ್ಟಿದಳು. ಆ ಉತ್ಸಾಹದಲ್ಲಿ ಹಣ್ಣು ತಪಾಸಣೆಯ ಕಮಾನು ಎದುರಿಗೆ ಬಂದದ್ದೇ ಇಬ್ಬರಿಗೂ ತಿಳಿಯಲಿಲ್ಲ.

ಕಿಟಕಿಗೆ ಬಗ್ಗಿದವನು ವೇಯ್ನ್. ಸಾವೆರಿಯೊನ ಕೈಕೆಳಗೆ ಕೆಲಸ ಕಲಿತವನು.

"ಓಹೋ, ಮಿಸೆಸ್ ಸಾವೆರಿಯೊ! ಹಣ್ಣು ತರಕಾರಿ ಏನೂ ಇಲ್ಲ ತಾನೆ?"

"ನನ್ನ ಕೇಳ್ತೀಯಲ್ಲಪ್ಪ! ನನ್ನ ಮನೆಯೋರು ಯಾರು ಅಂತ ಗೊತ್ತಿಲ್ವಾ?"

"ಗೊತ್ತಿದೆ. ಆದ್ರೂ ಆ ಚೀಲ ಒಂದ್ಸಲ ನೋಡ್ತೀನಿ."

ಡೈಪರುಗಳ ಕೆಳಗೆ ಎರಡು ಮ್ಯಾಂಡರಿನ್ ಕಿತ್ತಲೆಗಳಿದ್ದವು. ಬಾಣಂತಿ ದಾರಿಯಲ್ಲಿ ತಿನ್ನಲಿ ಎಂದು ಬೆಳಿಗ್ಗೆ ಅಸ್ಸುಂತಾಳೇ ಹಾಕಿದ್ದಳು. ಅವಳ ಮುಖ ತುಟಿಯ ಬಣ್ಣಕ್ಕಿಂತ ಕೆಂಪಾಯಿತು.

"ಮರೆತೇಹೋಯ್ತು ವೇಯ್ನ್. ದೇವರಾಣೆ ಮರೆತೆ."

"ರಸೀದಿ ಬರೀಲೇಬೇಕು. ನಿಮ್ಮ ಯಜಮಾನರೇ ಕಲಿಸಿದ್ದು ನಂಗೆ."

ದಂಡದ ಚೀಟಿ ನೋಡಿ ಬ್ರಯನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟು ದುಡ್ಡಿಗೆ ಎರಡು ಲಸಿಕೆ ಬರುತ್ತಿದ್ದವು.

ಕ್ಲಿನಿಕ್ಕಿನಲ್ಲಿ ನಡೆದದ್ದು ಇನ್ನೂ ಬೇಗ ಮುಗಿಯಿತು. ನರ್ಸು ಒಳ್ಳೆಯ ಹೆಂಗಸು, ಎಲೀಸಾಳ ಗಲ್ಲ ಸವರಿ ಮಾತಾಡಿಸಿದಳು. ಬ್ರಯನಿ ರೆನ್‌ಮಾರ್ಕಿನ ವಿಳಾಸವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ನರ್ಸು ಕಂಪ್ಯೂಟರಿನಲ್ಲಿ ಕೂಸಿನ ಹೆಸರು ತೆರೆದು, ಸ್ವಲ್ಪ ಹೊತ್ತು ನೋಡಿ, ಪರದೆಯನ್ನೇ ಬ್ರಯನಿಯ ಕಡೆ ತಿರುಗಿಸಿದಳು. ಐದು ದಿನದ ಹಿಂದೆ ಮಿಲ್ಡುರಾದಲ್ಲಿ ಹಾಕಿದ ಎರಡು ಲಸಿಕೆ, ಮಿಲ್ಡುರಾದ ವಿಳಾಸ, ಎಲ್ಲವೂ ಅಲ್ಲಿತ್ತು.

"ನೀವು ನಿಜವಾಗ್ಲೂ ಇಲ್ಲಿ ವಾಸ ಇದೀರಾ?" ನರ್ಸು ಮೆಲ್ಲಗೆ ಕೇಳಿದಳು.

ಬ್ರಯನಿ ಇಲ್ಲವೆಂದು ತಲೆಯಾಡಿಸಿದಳು.

"ಇಲ್ಲಿ ವಾಸ ಇರೋರಿಗೆ ಮಾತ್ರ ಅಮ್ಮಾ. ಹಾಕೋಕೆ ನಂಗೂ ಆಸೆ ಇದೆ. ಆದ್ರೆ ನನ್ನ ಕೈಲಿ ಆಗಲ್ಲ."

ಅವರು ಮನೆ ಮುಟ್ಟುವ ಮೊದಲೇ ವೇಯ್ನನ ಫೋನು ಮನೆ ಮುಟ್ಟಿತ್ತು. ಸಾವೆರಿಯೊ ಬಾಗಿಲಲ್ಲೇ ನಿಂತಿದ್ದ.

"ನನ್ನ ಹೆಂಡತಿ ಚೀಲದಲ್ಲಿ ಹಣ್ಣು! ನನ್ನ ಗೇಟಲ್ಲಿ! ಇನ್ನು ಆ ಕಡೆ ತಲೆ ಎತ್ತಿ ಓಡಾಡ್ತೀನಾ ನಾನು?"

"ಎರಡು ಹಣ್ಣು ಕಣೋ!"

"ಒಂದು ನೊಣ ಸಾಕು! ಒಂದೇ ಒಂದು! ಅಷ್ಟೂ ತೋಟ ಹಾಳಾಗುತ್ತೆ!"

ಬ್ರಯನಿ ಅಲ್ಲಿಯವರೆಗೆ ಮಾವನಿಗೆ ಎದುರು ಮಾತಾಡಿದವಳಲ್ಲ. ಕೂಸನ್ನು ಭುಜಕ್ಕೆ ಹಾಕಿಕೊಂಡು ಅವನ ಮುಂದೆ ಬಂದು ನಿಂತಳು.

"ಮಾವ, ಒಂದು ಮಾತು ಕೇಳ್ತೀನಿ. ಆ ನೊಣ ಎಷ್ಟು ಸಲ ಬಂದಿತ್ತು, ನಿಮ್ಮ ಮೂವತ್ತು ವರ್ಷದಲ್ಲಿ?"

"ಬಹಳ ಕಡಿಮೆ. ನಾವು ಕಾಯ್ತಿದ್ವಲ್ಲ, ಅದಕ್ಕೇ."

"ಕಡಿಮೆ ಬರುತ್ತೆ, ಇನ್ಯಾಕೆ ಕಾವಲು, ದುಡ್ಡು ದಂಡ ಅಂತ ಸರ್ಕಾರ ಯಾವತ್ತಾದ್ರೂ ಅಂದಿತ್ತಾ? ಹಗಲು ರಾತ್ರಿ ಸಂಬಳ ಕೊಟ್ಟು ನಿಮ್ಮನ್ನ ನಿಲ್ಲಿಸಿತ್ತು. ಕಿತ್ತಲೆಗೆ ಕಾವಲು ಬೇಕು. ಇವಳಿಗೆ ಬೇಡ್ವಾ?"

ಸಾವೆರಿಯೊ ಹಿತ್ತಲಿಗೆ ಹೋಗಿ ದ್ರಾಕ್ಷಿ ಬಳ್ಳಿ ಕತ್ತರಿಸತೊಡಗಿದ. ಆ ವರ್ಷ ಕತ್ತರಿಸಬೇಕಾದ್ದಕ್ಕಿಂತ ಜಾಸ್ತಿಯೇ ಕತ್ತರಿಸಿದ. ಆವತ್ತಿನಿಂದ ತಟ್ಟೆ ಹಿಡಿದುಕೊಂಡು ವರಾಂಡದಲ್ಲಿ ಒಬ್ಬನೇ ಕೂತು ಉಣ್ಣತೊಡಗಿದ.

"ಬಾರೋ ಒಳಗೆ, ತಣ್ಣಗಾಗುತ್ತೆ," ಅಂತ ಅಸ್ಸುಂತಾ ಕರೆದರೆ, "ಇಲ್ಲಿ ಗಾಳಿ ಚೆನ್ನಾಗಿದೆ," ಅನ್ನುವನು. ಅಲ್ಲಿ ಜೂನ್ ಅಂದರೆ ಚಳಿಗಾಲ, ಕೊರೆಯುವ ಗಾಳಿ!

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವನೊಬ್ಬನೇ ಕೂಸಿನ ಜೊತೆ ಮನೆಯಲ್ಲಿದ್ದ. ಕಿತ್ತಲೆ ಸುಗ್ಗಿಯಾದ್ದರಿಂದ ಡಾರಿಯೊಗೆ ಭಾನುವಾರವೂ ಶೆಡ್ಡು. ಬ್ರಯನಿ ಗಲ್ಲೆಯಲ್ಲಿದ್ದಳು, ಅಸ್ಸುಂತಾ ಇಗರ್ಜಿಯಲ್ಲಿ. ಎಲೀಸಾ ಹಾಲು ಬೇಡವೆಂದು ಮುಖ ತಿರುಗಿಸಿದಳು. ಅವನು ಹಣೆ ಮುಟ್ಟಿ ನೋಡಿದ. ಕೆಂಡ.

ಫ್ರಿಜ್ಜಿನ ಬಾಗಿಲಿಗೆ ಬ್ರಯನಿ ಒಂದು ಕಾಗದ ಅಂಟಿಸಿದ್ದಳು. ಮೈಮೇಲೆ ಕೆಂಪು ಚುಕ್ಕೆ ಬಂದಿದೆಯೇ ನೋಡಿ, ಗಾಜಿನ ಲೋಟ ಒತ್ತಿದರೂ ಚುಕ್ಕೆ ಮಾಸದಿದ್ದರೆ ಕೂಡಲೇ ಓಡಿ ಎಂದು ಅದರಲ್ಲಿತ್ತು. ಸಾವೆರಿಯೊ ಕೂಸಿನ ಬಟ್ಟೆ ಬಿಚ್ಚಿ, ತಾನು ವೈನು ಕುಡಿಯುವ ಲೋಟವನ್ನು ಹೊಟ್ಟೆಗೆ, ತೊಡೆಗೆ, ಬೆನ್ನಿಗೆ ಒತ್ತಿ ಒತ್ತಿ ನೋಡಿದ. ಚುಕ್ಕೆ ಕಾಣಲಿಲ್ಲ. ಆದರೆ ಕನ್ನಡಕ ಸಿಗದೆ, ಕಂಡದ್ದನ್ನು ನಂಬುವಂತಿರಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ, ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿದ. ಜೀವಮಾನದಲ್ಲಿ ಮೊದಲ ಸಲ ಕೆಂಪು ದೀಪ ದಾಟಿದ.

ಆಸ್ಪತ್ರೆಯಲ್ಲಿ ಕೂಸನ್ನು ಒಳಗೆ ಎತ್ತಿಕೊಂಡು ಹೋದರು. ರಕ್ತ ತೆಗೆದರು, ಬೆನ್ನುಹುರಿಯ ನೀರು ತೆಗೆಯಬೇಕಾಗಬಹುದು ಎಂದರು. ಬ್ರಯನಿ ಗಲ್ಲೆಯ ಸಮವಸ್ತ್ರದಲ್ಲೇ ಓಡಿಬಂದಳು, ಅಸ್ಸುಂತಾ ಜಪಮಾಲೆ ಹಿಡಿದು ಬಂದಳು, ಡಾರಿಯೊ ಶೆಡ್ಡಿನ ಧೂಳಿನಲ್ಲೇ ಬಂದ. ಸಾವೆರಿಯೊ ಪ್ಲಾಸ್ಟಿಕ್ ಕುರ್ಚಿಯಿಂದ ಆರು ಗಂಟೆ ಏಳಲಿಲ್ಲ.

ಸಂಜೆ ಹೊತ್ತಿಗೆ ಡಾಕ್ಟರು ಬಂದು, ಬರೀ ನೆಗಡಿ, ಜ್ವರ ಇಳಿದಿದೆ, ಹಾಲು ಕುಡಿಯುತ್ತಿದ್ದಾಳೆ ಎಂದರು. ಅಸ್ಸುಂತಾ ಆ ಡಾಕ್ಟರಿಗೇ ಮುತ್ತು ಕೊಟ್ಟಳು.

ಮನೆಗೆ ಬಂದು ಎಲ್ಲರೂ ಸೂಪು, ಬ್ರೆಡ್ಡು ಹಾಕಿಕೊಂಡು ಕೂತಾಗ ಸಾವೆರಿಯೊ ವರಾಂಡಕ್ಕೆ ಹೋಗಲಿಲ್ಲ. ತನ್ನ ಹಳೆಯ ಜಾಗದಲ್ಲಿ ಕೂತ.

"ಆಸ್ಪತ್ರೆಯ ಆ ಕುರ್ಚಿ ಮೇಲೆ ನಾನು ಇನ್ನೊಂದು ಸಲ ಕೂರಲ್ಲ," ಅಂದ. "ಸುಳ್ಳು ವಿಳಾಸ ಬೇಡ. ನಿಜವಾದ ವಿಳಾಸವೇ ಮಾಡ್ಕೊಳೋಣ."

"ಅಂದ್ರೆ?" ಡಾರಿಯೊ ಕೇಳಿದ.

"ಬ್ರಯನಿ, ಕೂಸು ಇಬ್ಬರೂ ರೆನ್‌ಮಾರ್ಕಿಗೆ ಹೋಗಿ ಇರ್ತಾರೆ. ನಿಜವಾಗಿ. ಬಟ್ಟೆಬರೆ, ತೊಟ್ಟಿಲು, ಎಲ್ಲ ತಗೊಂಡು. ಅಲ್ಲೇ ಉಣ್ತಾರೆ, ಅಲ್ಲೇ ಮಲಗ್ತಾರೆ. ಆಮೇಲೆ ಎಲ್ಲಿ ವಾಸ ಅಂತ ಕೇಳಲಿ, ಯಾರು ಬೇಕಾದ್ರೂ ಕೇಳಲಿ."

"ನಾನು? ಸುಗ್ಗಿ ಬಿಟ್ಟು ಹೇಗೆ ಬರ್ಲಿ? ಕೆಲಸ ಹೋಗುತ್ತೆ!"

"ನೀನು ಶನಿವಾರ ಬಾ. ನಿನ್ನ ಬದಲು ಅವರ ಜೊತೆ ನಾನು ಹೋಗ್ತೀನಿ."

ಅಸ್ಸುಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀನು? ಐವತ್ತು ವರ್ಷದಲ್ಲಿ ಒಂದು ಕಪ್ಪು ತೊಳೆದಿಲ್ಲ. ಕೂಸು ನೋಡ್ಕೋತೀಯಾ?"

"ಕಲೀತೀನಿ," ಅಂದ ಸಾವೆರಿಯೊ.

ಬ್ರಯನಿ ಗಂಡನ ಮುಖ ನೋಡಿದಳು. ಡಾರಿಯೊ ಬ್ರೆಡ್ಡಿನ ಚೂರನ್ನು ಸೂಪಿನಲ್ಲಿ ಅದ್ದಿ ಅದ್ದಿ ಕರಗಿಸಿಯೇಬಿಟ್ಟ. ಆಮೇಲೆ, "ತೊಟ್ಟಿಲು ಕಾರಿನ ಮೇಲೆ ಕಟ್ಟೋಕೆ ಹಗ್ಗ ಬೇಕು," ಅಂದ.

ಲೊರೆದಾನಳ ಮನೆ ಆ ವಾರದಿಂದ ಛತ್ರವಾಯಿತು. ಎರಡು ಕೂಸು, ಇಬ್ಬರು ತಾಯಂದಿರು, ಅಜ್ಜ, ಲೊರೆದಾನಳ ಗಂಡ. ಬಚ್ಚಲು ಒಂದೇ. ಬ್ರಯನಿ ಅಲ್ಲಿನ ಬೇಕರಿಯಲ್ಲಿ ಬೆಳಗಿನ ಪಾಳಿಗೆ ಸೇರಿದಳು. ಕೂಸಿನ ವಿಳಾಸ, ತನ್ನ ವಿಳಾಸ, ಬ್ಯಾಂಕಿನ ವಿಳಾಸ, ಎಲ್ಲ ಬದಲಿಸಿದಳು. ಆಮೇಲೆ ಅದೇ ಕ್ಲಿನಿಕ್ಕಿಗೆ ಹೋದಳು. ಅದೇ ನರ್ಸು.

"ಎಲ್ಲಿ ವಾಸ?"

"ಇಲ್ಲೇ," ಅಂದಳು ಬ್ರಯನಿ. ಈ ಸಲ ನಂಬರು ತಪ್ಪಲಿಲ್ಲ.

ಹಿಂದೆ ನಿಂತಿದ್ದ ಸಾವೆರಿಯೊ ಲೊರೆದಾನ ಬರೆದುಕೊಟ್ಟ ಬಾಡಿಗೆ ಕರಾರು, ಬೇಕರಿಯ ಸಂಬಳದ ಚೀಟಿ, ಕಾರಿನ ಕಾಗದ ಎಲ್ಲವನ್ನೂ ಇಸ್ಪೀಟೆಲೆ ಹರಡಿದಂತೆ ಮೇಜಿನ ಮೇಲೆ ಹರಡಿದ. ನರ್ಸು ನಗುತ್ತ ಸೂಜಿ ತೆಗೆದಳು. ಎಲೀಸಾ ಕಿರುಚಿದಾಗ ಅಜ್ಜ ಕಣ್ಣು ಮುಚ್ಚಿಕೊಂಡಿದ್ದ. ಸಾಯಂಕಾಲ ಮಿಲ್ಡುರಾಕ್ಕೆ ಫೋನು ಹೋಯಿತು.

"ಹಾಕಿದ್ರು! ಹಾಕಿದ್ರು ಅಸ್ಸುಂತಾ! ಮೂರನೇ ಪಟ್ಟಿ!"

"ಕಿರುಚಬೇಡ, ನಂಗೆ ಕಿವಿ ಕೇಳುತ್ತೆ," ಅಂತ ಅವಳೂ ಕಿರುಚಿದಳು. ಡಾರಿಯೊ ಫೋನು ಕಿತ್ತುಕೊಂಡು, "ಅತ್ತಳಾ? ಜ್ವರ ಬಂತಾ? ಈಗ ಏನ್ ಮಾಡ್ತಿದಾಳೆ?" ಅಂತ ಒಂದೇ ಸಮ ಕೇಳಿದ.

ಆದರೆ ಎರಡನೆಯದಕ್ಕೆ ಎಂಟು ವಾರ ಕಾಯಬೇಕಿತ್ತು. ಸಂಭ್ರಮ ಎರಡು ವಾರ ನಡೆಯಿತು. ಮೂರನೇ ವಾರ ಅಡುಗೆಮನೆಯಲ್ಲಿ ಜಗಳ ಶುರುವಾಯಿತು.

"ಬ್ರಯನಿ, ವಾಷಿಂಗ್ ಮಷೀನಿಂದ ನನ್ನ ಬಟ್ಟೆ ಒದ್ದೆಯಾಗೇ ತೆಗೆದು ಹಾಕಿದೀಯಾ?"

"ಎಲೀಸಾ ಬಟ್ಟೆ ಎಲ್ಲ ವಾಂತಿ ಆಗಿತ್ತು. ಏನ್ ಮಾಡ್ಲಿ?"

"ನಿಕೊ ಬಟ್ಟೇಲಿ ವಾಂತಿ ಇರಲ್ವಾ? ನನ್ನ ಮನೇಲಿ ನಾನೇ ಸರದಿ ನಿಲ್ಲಬೇಕು!"

"ನಿನ್ನ ಮನೆ ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀಯಾ? ಪುಕ್ಕಟೆ ಇಂಜೆಕ್ಷನ್ ಬೇಕಿದ್ದಕ್ಕೆ ಬಂದೆ. ಇಲ್ಲದಿದ್ರೆ ಯಾರ್ ಬರ್ತಿದ್ರು?"

ಸಾವೆರಿಯೊ ಹೆಗಲ ಮೇಲೆ ಒಂದು ಕೂಸು, ಮೊಣಕಾಲ ಮೇಲೆ ಒಂದು ಕೂಸು ಇಟ್ಟುಕೊಂಡು ಎಲ್ಲ ಕೇಳಿಸಿಕೊಂಡ. ಮರುದಿನ ಫ್ರಿಜ್ಜಿನ ಮೇಲೆ ಪಾಳಿಪಟ್ಟಿ ಬಂತು, ತಪಾಸಣೆಯ ಗೇಟಿನಲ್ಲಿ ಇದ್ದಂಥದೇ. ಮಷೀನು ಯಾರಿಗೆ ಎಷ್ಟು ಹೊತ್ತಿಗೆ, ಬಚ್ಚಲು ಯಾರಿಗೆ, ರಾತ್ರಿ ಬಾಟಲಿ ಯಾರು ತೊಳೆಯಬೇಕು. ಬಾಟಲಿಯ ಎದುರು ಏಳು ದಿನವೂ ಅವನ ಹೆಸರೇ ಇತ್ತು. ಲೊರೆದಾನ ಅದನ್ನು ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು. ಅಸ್ಸುಂತಾ ಅದನ್ನು ಇಗರ್ಜಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಳು.

ಶನಿವಾರ ಡಾರಿಯೊ ಬಂದರೆ ಹಬ್ಬ. ಅಮ್ಮ ಕಟ್ಟಿಕೊಟ್ಟ ಸಾಸು, ಸಲಾಮಿ ಇಳಿಸಿ, ಮಗಳನ್ನು ಎತ್ತಿಕೊಂಡು ಸಂಜೆಯವರೆಗೆ ಕೆಳಗಿಡುತ್ತಿರಲಿಲ್ಲ. ಒಂದು ಶನಿವಾರ ಎಲೀಸಾ ಅವನನ್ನು ನೋಡಿ ಅತ್ತು ಅಜ್ಜನ ಕಡೆ ಕೈ ಚಾಚಿದಳು. ಡಾರಿಯೊ ಹೊರಗೆ ಹೋಗಿ ಕಾರಿನ ಟೈರು ಒದ್ದ.

"ಸಾಕು. ಎರಡನೇದು ಆದ ತಕ್ಷಣ ಮನೆಗೆ ಬನ್ನಿ. ಮೂರನೇದು ಒಂದು ವರ್ಷಕ್ಕೆ ಅಂತೆ. ಅದನ್ನ ನಾನು ಕೊಳ್ತೀನಿ. ಸುಗ್ಗಿ ದುಡ್ಡಿದೆ."

"ಮೊದಲೇ ಹೀಗಂದಿದ್ರೆ?" ಬ್ರಯನಿ ಕೇಳಿದಳು.

"ಮೊದಲು ಸುಗ್ಗಿ ದುಡ್ಡು ಕೈಗೆ ಬಂದಿರ್ಲಿಲ್ಲ. ಅವಳು ನನ್ನ ನೋಡಿ ಅಳ್ತಾನೂ ಇರ್ಲಿಲ್ಲ."

ಇತ್ತ ಮಿಲ್ಡುರಾದಲ್ಲಿ ಅಸ್ಸುಂತಾಗೆ ಮನೆ ದೊಡ್ಡದಾಗಿತ್ತು. ಮಗ ಶೆಡ್ಡಿಗೆ ಹೋದ ಮೇಲೆ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದರೆ ಬೇಲಿಯಾಚೆ ಮೆಲೆನೈತೆ ಕಾಣುತ್ತಿದ್ದಳು. ಟೊಂಗಾ ದ್ವೀಪದಿಂದ ಬಂದು ದ್ರಾಕ್ಷಿ ತೋಟದಲ್ಲಿ ಗಂಡನ ಜೊತೆ ದುಡಿಯುವವಳು. ಅವಳ ಮಗಳು ಲೂಪೆಗೆ ಐದು ತಿಂಗಳು.

"ಆಂಟಿ, ನಿಮ್ಮ ಸೊಸೆ ಕಾಣಲ್ಲ? ಜಗಳವಾ?"

ಅಸ್ಸುಂತಾ ಎಲ್ಲ ಹೇಳಿದಳು. ಆಸ್ಪತ್ರೆ, ಕುರ್ಚಿ, ಪಟ್ಟಿ, ರೆನ್‌ಮಾರ್ಕು. ನಗುನಗುತ್ತ ಹೇಳಿದಳು. ಮೆಲೆನೈತೆ ನಗಲಿಲ್ಲ. ಬೆನ್ನಿನ ಮೇಲೆ ಕಟ್ಟಿಕೊಂಡಿದ್ದ ಲೂಪೆಯನ್ನು ಮುಂದಕ್ಕೆ ತಂದು ಅಪ್ಪಿಕೊಂಡಳು.

"ಆ ಇಂಜೆಕ್ಷನ್ ಹೆಸರು ಬರ್ಕೊಡಿ ಆಂಟಿ."

ಅಸ್ಸುಂತಾ ಮೊಟ್ಟೆಯ ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಟ್ಟಳು. ಬರೆಯುವಾಗ ಬೆಲೆಯನ್ನೂ ಬರೆಯಬೇಕಾಯಿತು. ಮೆಲೆನೈತೆ ಅದನ್ನು ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಅಸ್ಸುಂತಾ ಆ ಮಧ್ಯಾಹ್ನ ಬಟ್ಟೆ ಒಣಹಾಕಲಿಲ್ಲ. ಸ್ಟೇಷನರಿ ಅಂಗಡಿಗೆ ಹೋಗಿ ಗೆರೆ ಹೊಡೆದ ಪುಸ್ತಕ, ಎರಡು ಪೆನ್ನು ತಂದಳು.

ಮೊದಲ ಪುಟದಲ್ಲಿ ಮೂರೇ ಸಾಲು. ನಮ್ಮ ಕೂಸುಗಳಿಗೂ ಈ ಲಸಿಕೆಯನ್ನು ಸರ್ಕಾರವೇ ಪುಕ್ಕಟೆ ಹಾಕಿಸಬೇಕು. ಗಡಿಯಾಚೆ ಹಾಕಿಸುತ್ತಿದ್ದಾರೆ. ಕೆಳಗೆ ಸಹಿ ಮಾಡಿದವರು ಇದನ್ನು ಕೇಳುತ್ತಿದ್ದೇವೆ.

ಇಗರ್ಜಿಯ ಮೆಟ್ಟಿಲು, ಬೇಕರಿಯ ಸಾಲು, ಬೌಲಿಂಗ್ ಕ್ಲಬ್ಬು, ಡಾರಿಯೊನ ಶೆಡ್ಡು, ಯಾವುದನ್ನೂ ಅವಳು ಬಿಡಲಿಲ್ಲ. ಟ್ರಿಶ್ ತನ್ನ ಗಲ್ಲೆಯ ಪಕ್ಕ ಒಂದು ಹಾಳೆ ಇಟ್ಟಳು. ಅವಳ ಮಗ ಕೃತಕ ಕಾಲುಗಳಲ್ಲಿ ಫುಟ್‌ಬಾಲ್ ಮೈದಾನ ಸುತ್ತಿ ನೂರಾರು ಸಹಿ ತಂದ. ಸಹಿ ಮಾಡದವರೂ ಇದ್ದರು. "ತೆರಿಗೆ ಏರಿಸಿದ್ರೆ ಮೊದಲು ಬೈಯೋರೂ ನೀವೇ," ಅಂತ ಮಾಂಸದಂಗಡಿಯವನು ಅಂದ. "ಬೈತೀನಿ. ಬೈದು ಕಟ್ತೀನಿ. ಸಹಿ ಹಾಕು," ಅಂದಳು ಅಸ್ಸುಂತಾ. ಅವನು ಹಾಕಿದ.

ಎರಡನೇ ಲಸಿಕೆಯಾದ ಮರುದಿನವೇ ತೊಟ್ಟಿಲು ಮತ್ತೆ ಕಾರಿನ ಮೇಲೆ ಏರಿತು. ಎಂಟು ವಾರ ಜಗಳಾಡಿದ ನಾದಿನಿ ಅತ್ತಿಗೆ ಬಾಗಿಲಲ್ಲಿ ತಬ್ಬಿಕೊಂಡು ಅತ್ತರು. ಸಾವೆರಿಯೊ ಮಿಲ್ಡುರಾ ತಲುಪಿದಾಗ ಹೆಂಡತಿ ಮನೆಯಲ್ಲೇ ಇರಲಿಲ್ಲ. ಮೇಜಿನ ಮೇಲೆ ಒಂದು ಚೀಟಿ ಇತ್ತು: ಪಾಸ್ತಾ ಒಲೆ ಮೇಲಿದೆ, ನಾಳೆ ಶಾಸಕರ ಸಭೆ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಾ.

ಸಭೆ ನಡೆದದ್ದು ಇಗರ್ಜಿಯ ಸಭಾಂಗಣದಲ್ಲಿ. ಶಾಸಕರು ರಸ್ತೆ, ನದಿನೀರು, ಶಾಲೆಯ ಚಾವಣಿ ಎಲ್ಲದರ ಬಗ್ಗೆ ಮಾತಾಡಿ ಕೈಗಡಿಯಾರ ನೋಡಿದರು. ಪ್ರಶ್ನೆಗಳ ಸಮಯ ಮುಗಿಯಿತು ಎಂದು ಕಾರ್ಯದರ್ಶಿ ಎದ್ದ. ಅಷ್ಟರಲ್ಲಿ ಅಸ್ಸುಂತಾ ಮುಂದಿನ ಸಾಲಿನಿಂದ ಎದ್ದು ಪುಸ್ತಕವನ್ನು ವೇದಿಕೆಯ ಅಂಚಿನಲ್ಲಿ ದಪ್ಪನೆ ಇಟ್ಟಳು.

"ಸಾವಿರದ ಇನ್ನೂರು ಜನ ಸಹಿ ಹಾಕಿದಾರೆ ಸ್ವಾಮಿ. ಅಷ್ಟು ಜನರ ಸಮಯ ಇನ್ನೂ ಮುಗಿದಿಲ್ಲ."

ಜನ ನಕ್ಕರು. ಶಾಸಕರು ಮೊದಲ ಪುಟ ಓದಿದರು. ಒಳ್ಳೆಯ ಮನುಷ್ಯನೇ, ಮುಖದಲ್ಲಿ ಆಯಾಸವಿತ್ತು.

"ಅಮ್ಮಾ, ನಿಜ ಹೇಳ್ತೀನಿ. ಈ ಲಸಿಕೆ ಬಹಳ ದುಬಾರಿ, ಕಾಯಿಲೆ ಬಹಳ ಅಪರೂಪ. ಇದೇ ದುಡ್ಡಲ್ಲಿ ನಿಮ್ಮ ಆಸ್ಪತ್ರೆಗೆ ಇನ್ನೊಂದು ಆಂಬುಲೆನ್ಸ್, ಇನ್ನಷ್ಟು ನರ್ಸು ಬರ್ತಾರೆ. ಯಾವುದನ್ನ ಬಿಡ್ಲಿ, ನೀವೇ ಆರಿಸಿ."

"ಅದನ್ನ ಆರಿಸೋಕೇ ನಿಮ್ಮನ್ನ ಆರಿಸಿದ್ದು!"

ಸಭಾಂಗಣ ಹೋ ಅಂದಿತು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಸಾವೆರಿಯೊ ಇಸ್ತ್ರಿ ಷರಟಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಶಾಸಕರೂ ನಕ್ಕು, ಬ್ರಯನಿಯ ತೊಡೆಯ ಮೇಲಿದ್ದ ಎಲೀಸಾಳ ಕಡೆ ನೋಡಿದರು.

"ಇದೇನಾ ನಿಮ್ಮ ಮೊಮ್ಮಗಳು? ಇವಳಿಗೆ ಲಸಿಕೆ ಆಗಿದೆಯಾ?"

"ಆಗಿದೆ."

"ಹಾಗಿದ್ರೆ ನಿಮಗೇನು ತೊಂದರೆ ಅಮ್ಮಾ?"

ಅಸ್ಸುಂತಾ ಪಕ್ಕಕ್ಕೆ ತಿರುಗಿ ಮೆಲೆನೈತೆಯ ಕೈಹಿಡಿದು ಎಬ್ಬಿಸಿದಳು. ಲೂಪೆ ಹೊಸ ಹಳದಿ ಫ್ರಾಕಿನಲ್ಲಿ ಕಣ್ಣರಳಿಸಿಕೊಂಡಿತ್ತು.

"ನನ್ನ ಮೊಮ್ಮಗಳಿಗೆ ಗಡಿಯಾಚೆ ಒಬ್ಬ ಸೋದರತ್ತೆ ಇದ್ಲು ಸ್ವಾಮಿ. ಈ ಕೂಸಿಗೆ ಇಲ್ಲ."

ಟ್ರಿಶ್‌ಳ ಮಗ ಗೋಡೆಗೆ ಆತು ನಿಂತಿದ್ದವನು ಎರಡು ಹೆಜ್ಜೆ ಮುಂದೆ ಬಂದ. ಲೋಹದ ಪಾದ ಹಲಗೆಯ ನೆಲಕ್ಕೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಪತ್ರಿಕೆಯ ಫೋಟೊಗ್ರಾಫರು ಕ್ಯಾಮೆರಾ ಎತ್ತಿದ. ಶಾಸಕರು ವೇದಿಕೆಯಿಂದ ಇಳಿದು ಬಂದು, ಎತ್ತಿಕೊಳ್ಳಲು ಲೂಪೆಯ ಕಡೆ ಎರಡೂ ಕೈ ಚಾಚಿದರು.

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಮೆಲೆನೈತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಫೋಟೊ ಆಮೇಲೆ ಸಾರ್," ಅಂದಳು. "ಯಾವತ್ತು ಅಂತ ಹೇಳಿ."

ಶಾಸಕರ ಕೈ ಗಾಳಿಯಲ್ಲೇ ನಿಂತಿತು. ಅವರು ಕಾರ್ಯದರ್ಶಿಯ ಕಡೆ ನೋಡಿದರು, ಕಾರ್ಯದರ್ಶಿ ತನ್ನ ಫೋನು ನೋಡಿದ.

"ಲಸಿಕೆ ಕೊಡಿಸ್ತೀನಿ ಅಂತ ಇವತ್ತು ನಾನು ಮಾತು ಕೊಡಲಾರೆ," ಅಂದರು ಶಾಸಕರು ಕೊನೆಗೆ. "ಆರೋಗ್ಯ ಮಂತ್ರಿಗಳ ಮುಂದೆ ನಿಮ್ಮನ್ನ ಕೂರಿಸ್ತೀನಿ. ಮುಂದಿನ ತಿಂಗಳು ಹದಿನೇಳು, ಗುರುವಾರ. ಮೆಲ್ಬರ್ನಿನಲ್ಲಿ. ಎಷ್ಟು ಜನ ಬರ್ತೀರಿ?"

ಮೆಲೆನೈತೆ ಅಸ್ಸುಂತಾಳ ಮುಖ ನೋಡಿದಳು. ಅಸ್ಸುಂತಾ ಆಗಲೇ ಪೆನ್ನು ತೆರೆದು ಪುಸ್ತಕದ ರಟ್ಟಿನ ಮೇಲೆ ತಾರೀಕು ಬರೆಯುತ್ತಿದ್ದಳು.

"ಸಾವೆರಿಯೊ," ಅವಳು ತಲೆ ಎತ್ತದೆ ಕೂಗಿದಳು, "ಮೆಲ್ಬರ್ನ್ ಬಸ್ಸು ಎಷ್ಟು ಸೀಟಿಂದು ಅಂತ ಕೇಳ್ಕೊಂಡು ಬಾ!"